ಕೋಲು ಹುಡುಕಬೇಡಿ

ರೀ,

ನಾನು ಹೊಲಿಗೆ ಅಂಗಡಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ, ಚಮಚದಲ್ಲೇ ತಿನ್ನಿ. ಹಾವು ಕಚ್ಚಿದ ಕೈಯ ಊತ ಇನ್ನೂ ಪೂರ್ತಿ ಇಳಿದಿಲ್ಲ. ರೆಪ್ಪೆ ಮತ್ತೆ ಭಾರ ಅನ್ನಿಸಿದರೆ ತಕ್ಷಣ ಫೋನ್ ಮಾಡಿ.

ಬೇಕರಿಯವರ ಹಿಟ್ಟಿನ ಕೋಣೆಯಲ್ಲಿ ಹಾವಂತೆ, ಬೆಳಿಗ್ಗೆಯೇ ಕರೆ ಬಂತು. ನಿಮ್ಮ ಗೆಳೆಯರನ್ನು ಕಳಿಸಿದ್ದೇನೆ. ಹಾವು ಹಿಡಿಯುವ ನಿಮ್ಮ ಕೋಲನ್ನು ನಾನೇ ಅಂಗಡಿಗೆ ಒಯ್ಯುತ್ತಿದ್ದೇನೆ, ಮನೆಯೆಲ್ಲ ತಡಕಾಡಬೇಡಿ.

ಆಸ್ಪತ್ರೆಯಲ್ಲಿ ನಿಮ್ಮ ಕಣ್ಣು ತೆರೆಯದೆ, ನಾಲಿಗೆ ತೊದಲಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ವಿಷ ಇಳಿದು ಕಣ್ಣುಬಿಟ್ಟವರು ಕೇಳಿದ್ದೇನು? “ಹಾವನ್ನ ಯಾರೂ ಹೊಡೀಲಿಲ್ಲ ತಾನೇ?” ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ಸ್ವಾಮಿ!

ಇರಲಿ. ನಿನ್ನೆ ಮನೆಗೆ ಬಂದು ಮಲಗಿ ಗೊರಕೆ ಶುರುಮಾಡಿದಿರಿ. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ನಿಮ್ಮನ್ನು ತಿವಿಯದೆ, ಅದನ್ನೇ ಕೇಳುತ್ತಾ ನೆಮ್ಮದಿಯಾಗಿ ನಿದ್ದೆಹೋದೆ.