ಗೊಂಬೆಯ ಮೈಮೇಲಿನ ಜೆರ್ಸಿ

ಬೂದಿಕೋಟೆ,
ಗುರುವಾರ

ಮುನೀಂದ್ರಣ್ಣನಿಗೆ ಲಿಖಿತಳ ನಮಸ್ಕಾರ.

ನೀವೂ ನಮ್ಮ ತಂಡದ ಅಭಿಮಾನಿ ಬಳಗದವರೂ ಸೇರಿ ಬಂಗಾರಪೇಟೆಯ ನಮ್ಮ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಗೇಟಿಗೆ ದೃಷ್ಟಿಗೊಂಬೆ ಕಟ್ಟಿದ್ದೀರಿ. ಕ್ಲಬ್ಬಿನ ಪೆಟ್ಟಿಗೆಯಿಂದ ನನ್ನ ಏಳನೇ ನಂಬರಿನ ಜೆರ್ಸಿ ತೆಗೆದು ಅದಕ್ಕೆ ತೊಡಿಸಿ, ಮೊಣಕಾಲಿಗೆ ಪಟ್ಟಿ ಬೇರೆ ಸುತ್ತಿದ್ದೀರಿ. ನಮ್ಮಜ್ಜಿ ಬಸ್ಸಿನಿಂದಲೇ ನೋಡಿ, “ಅದ್ಯಾರೇ ಅದು, ನಿನ್ನಂಗೇ ಅವಳೆ?” ಅಂದಳು.

ನಿಮ್ಮ ಸಿಟ್ಟು ಸುಳ್ಳಲ್ಲ. ಕೆಜಿಎಫ್ ತಂಡದ ಎದುರು ಕಳೆದ ಎರಡು ವರ್ಷವೂ ಫೈನಲ್ ಸೋತಾಗ ನಾನು ಪೆಟ್ಟಾದ ಕಾಲು ನೀಡಿಕೊಂಡು ಬೆಂಚಿನ ಮೇಲಿದ್ದೆ. “ಇವಳು ಆಡಕ್ಕೆ ಬತ್ತಾಳೋ, ಕುಂತ್ಕಳಕ್ಕೆ ಬತ್ತಾಳೋ?” ಎಂದು ನೀವು ಕೂಗಿದ್ದೂ ಕೇಳಿಸಿತು.

ಆದರೆ ಅಣ್ಣ, ನನಗೆ ಪೆಟ್ಟಾಗಿದ್ದು ಎಡಗಾಲಿಗೆ. ನೀವು ಪಟ್ಟಿ ಸುತ್ತಿರುವುದು ಬಲಗಾಲಿಗೆ. ಎರಡು ವರ್ಷ ಬೈದಿದ್ದೀರಿ, ಯಾವ ಕಾಲು ಅಂತಲಾದರೂ ನೋಡಬಾರದೇ? ದಯವಿಟ್ಟು ಬದಲಾಯಿಸಿ.

ಭಾನುವಾರದ ಪಂದ್ಯದಲ್ಲಿ ನಾನು ಆಡುವುದಕ್ಕೆ ಡಾಕ್ಟರು ಒಪ್ಪಿದ್ದಾರೆ, ಕೋಚ್ ಕೂಡ ಒಪ್ಪಿದ್ದಾರೆ. ಹಾಗಾಗಿ ಆ ಜೆರ್ಸಿ ನನಗೆ ಬೇಕು. ತೊಡಿಸಿದವರೇ ಬಿಚ್ಚಿ, ಒಗೆದು, ಒಣಗಿಸಿ ಕೊಡಿ.

ಗೊಂಬೆ ಮಾತ್ರ ಅಲ್ಲೇ ಇರಲಿ. ನಾನು ಮತ್ತೆ ಬಿದ್ದರೆ ಕುಂಟಿಕೊಂಡೇ ಗೇಟಿನವರೆಗೆ ಬಂದು, ಜೆರ್ಸಿಯನ್ನು ನನ್ನ ಕೈಯಾರೆ ಅದಕ್ಕೆ ತೊಡಿಸುತ್ತೇನೆ. ಅಲ್ಲಿಯವರೆಗೆ ಅದು ಬರಿಮೈಯಲ್ಲಿ ನಿಂತು ಆಟ ನೋಡಲಿ.

ಇಂತಿ,
ಏಳನೇ ನಂಬರಿನ ಲಿಖಿತ