ದಾರಿ ಮುಚ್ಚಿದ ದೇಶಕ್ಕೆ

ಮಗಳ ಅಪ್ಪನವರಿಗೆ,

"ಇಲ್ಲಿಂದ ಯಾರನ್ನೂ ಬಿಡ್ತಿಲ್ಲ, ದಾರಿನೇ ಮುಚ್ಚಿದೆ" ಎಂದು ಪ್ರತಿ ಸಲವೂ ಫೋನಿನಲ್ಲಿ ಗೋಳಾಡುತ್ತೀರಿ. ನಿನ್ನೆ ಮಗಳು ಕಾಲೇಜಿನ ಕೆಲಸಕ್ಕೆಂದು, ಯಾವ ದೇಶದಿಂದ ಯಾವ ದೇಶಕ್ಕೆ ಎಷ್ಟು ಜನ ವಲಸೆ ಹೋದರೆಂಬ ಅಂದಾಜು ತೋರಿಸುವ ಜಾಲತಾಣ ತೆರೆದಿದ್ದಳು. ನೀವಿರುವ ದೇಶದಿಂದ ನಮ್ಮ ದೇಶಕ್ಕೆ ಎಂದು ನಾನೇ ಒತ್ತಿದೆ. ನೀವು ಹೋದ ಮೇಲೆ ನಲವತ್ತು ಸಾವಿರ ಜನ ಬಂದಿದ್ದಾರಂತೆ. "ಅಂದಾಜು ಅಷ್ಟೇ ಅಮ್ಮಾ, ಹೆಚ್ಚುಕಮ್ಮಿ ಇರುತ್ತೆ" ಎಂದಳು ಪಾಪ, ನಿಮ್ಮ ಮಾನ ಮುಚ್ಚಲು. ಅಷ್ಟು ದೊಡ್ಡ ಬಟ್ಟೆ ನಮ್ಮ ಮನೆಯಲ್ಲಿಲ್ಲ.

ನೀವು ಬರಬೇಡಿ. ಯಾರೂ ಮುಟ್ಟದಿರಲಿ ಎಂದು ಹೋಗುವಾಗ ಜೇಬಿಗಿಳಿಸಿದ ಸ್ಕೂಟರಿನ ಕೀಲಿಯನ್ನು ಮಾತ್ರ ಅಂಚೆಗೆ ಹಾಕಿ, ಮಗಳು ಓಡಿಸಬೇಕು. ಕೀಲಿಯನ್ನಾದರೂ ಅಲ್ಲಿಂದ ಬಿಟ್ಟಾರು.

ಇಂತಿ,
ಮಗಳ ಅಮ್ಮ