ದೀಪ ಹಾಕಿದರೆ ಏಳುವ ಮುಳ್ಳು

ಮಾರ್ಚ್ ೧೧, ಸೋಮವಾರ

ಪ್ರೀತಿಯ ಗುಂಡ,

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಪ್ಪನ ಪಿಕಪ್‌ನ ಮೀಟರ್ ಬೋರ್ಡು ನೋಡಿದ ಕೂಡಲೇ ಬರೆಯುತ್ತೇನೆ ಎಂದಿದ್ದ ನಿನ್ನ ಸೋದರಮಾವ ಇಷ್ಟು ತಡಮಾಡಿದ್ದಕ್ಕೆ ಮುನಿಸಿಕೊಳ್ಳಬೇಡ. ಕಾಗದ ಮುಂದಿಟ್ಟುಕೊಂಡು ಕೂರುತ್ತೇನೆ, ಏಳುತ್ತೇನೆ. ಗರ ಬಡಿದವನ ಹಾಗಾಗಿದ್ದೇನೆ.

ಮಾರುವ ಮುಂಚೆ ವೈರಿಂಗ್ ಒಮ್ಮೆ ನೋಡು ಎಂದು ನೀನೇ ಹೇಳಿದ್ದೆಯಲ್ಲ. ಗಾಡಿಯನ್ನು ನನ್ನ ರಿಪೇರಿ ಷೆಡ್ಡಿಗೆ ತಂದು ಕೀಲಿ ತಿರುಗಿಸಿದೆ. ಡೀಸೆಲ್ ಮೀಟರಿನ ಮುಳ್ಳು ತಳದಲ್ಲಿ ಮಲಗಿತ್ತು, ಟ್ಯಾಂಕೂ ಬರಿದಾಗಿತ್ತು. ಸರಿಯಾಗಿಯೇ ಇದೆ ಎಂದುಕೊಂಡು ಹೆಡ್‌ಲೈಟ್ ಹಾಕಿದೆ. ಮುಳ್ಳು ಮೆಲ್ಲಗೆ ಎದ್ದು ಅರ್ಧಕ್ಕೆ ಬಂದು ನಿಂತಿತು. ದೀಪ ಆರಿಸಿದೆ, ಮಲಗಿತು. ಹಾಕಿದೆ, ಎದ್ದಿತು.

ನಿಮ್ಮಪ್ಪ ಗಾಡಿ ತೆಗೆಯುತ್ತಿದ್ದದ್ದು ಯಾವಾಗ? ಬೆಳಕು ಹರಿಯುವ ಮೊದಲು, ಬೇಕರಿಯಿಂದ ಬ್ರೆಡ್ಡು ತುಂಬಿಕೊಂಡು, ದೀಪ ಹಾಕಿಕೊಂಡು. ಡೀಸೆಲ್ ಮುಗಿದು ದಾರಿಯಲ್ಲಿ ನಿಂತಾಗಲೆಲ್ಲ, ಮುಳ್ಳು ಅರ್ಧ ತೋರಿಸುತ್ತಿತ್ತು ಎಂದೇ ಹೇಳಿದರು. ಕೊನೆಯ ಸಲ ಹಿಂದಿನಿಂದ ಬಂದ ಲಾರಿ ಕೂದಲೆಳೆಯ ಅಂತರದಲ್ಲಿ ತಪ್ಪಿತು. ನೀನು ಹೊತ್ತೇರಿದ ಮೇಲೆ ಹೋಗಿ, ದೀಪ ಆರಿಸಿದ ಗಾಡಿಯಲ್ಲಿ ಮುಳ್ಳು ನೋಡಿ, ಖಾಲಿ ಅಂತ ತೋರಿಸುತ್ತಿದೆಯಲ್ಲ ಎಂದು ರೇಗಿದೆ. ಅರವತ್ತಕ್ಕೆ ಅರಳುಮರಳು ಎಂದು ಮನೆಯವರೆಲ್ಲ ತೀರ್ಮಾನಿಸಿದರು. ನೀನು ಕೀಲಿ ಕಿತ್ತುಕೊಂಡೆ. ಅಕ್ಕನಂತೂ ಅವರಿಗೆ ಒಲೆ ಹಚ್ಚಲೂ ಬಿಡುತ್ತಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ದೀಪ ಹಾಕಿ ನೋಡೋಣ ಎಂದು ಒಬ್ಬರಿಗಾದರೂ ಹೊಳೆಯಬಾರದಿತ್ತೇ?

ಫ್ಯೂಸುಗಳು ಸರಿಯಿದ್ದವು, ಟ್ಯಾಂಕಿನೊಳಗೆ ಡೀಸೆಲ್ ಅಳೆಯುವ ಫ್ಲೋಟೂ ಸರಿಯಿತ್ತು. ಕೊನೆಗೆ ಮೀಟರ್ ಬೋರ್ಡಿನ ಅರ್ತ್ ವೈರಿಗೂ ಬ್ಯಾಟರಿಯ ಮೈನಸ್ಸಿಗೂ ಮಲ್ಟಿಮೀಟರ್ ಹಿಡಿದೆ. ಸೊನ್ನೆ ಇರಬೇಕಾದ ಕಡೆ, ದೀಪ ಹಾಕುತ್ತಲೇ ವೋಲ್ಟೇಜು ಏರಿತು. ಕರೆಂಟಿಗೆ ವಾಪಸು ಹೋಗುವ ದಾರಿ ಇಕ್ಕಟ್ಟಾಗಿ ಮುಳ್ಳನ್ನು ತಳ್ಳುತ್ತಿತ್ತು. ಡ್ಯಾಶ್‌ಬೋರ್ಡ್ ಬಿಚ್ಚಿ ಆ ವೈರಿನ ಜಾಡು ಹಿಡಿದು ಹೋದೆ. ಅದನ್ನು ತಗಡಿಗೆ ಬಿಗಿದ ಸ್ಕ್ರೂ ಸಿಕ್ಕಿತು. ಬಿಚ್ಚಿದರೆ ಅಡಿಯಲ್ಲಿ ದಪ್ಪ ನೀಲಿ ಬಣ್ಣ. ಬಣ್ಣ ಕೆರೆಯದೆ ಅದರ ಮೇಲೇ ವೈರು ಬಿಗಿದಿದೆ. ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ ಗುಂಡ, ಸ್ಕ್ರೂವಿನ ಮೂಲಕ ಮಾತ್ರ ಅಷ್ಟಿಷ್ಟು ಹೋಗುತ್ತಿತ್ತು.

ಅಪ್ಪನ ಹುಟ್ಟುಹಬ್ಬಕ್ಕೆಂದು ಡ್ಯಾಶ್‌ಬೋರ್ಡನ್ನೂ ಬಿಚ್ಚಿ, ಕ್ಯಾಬಿನ್ನಿನ ಒಳಮೂಲೆಗೂ ಬಿಡದೆ ನೀಲಿ ಹೊಡೆದವನು ನೀನು. ಅವರ ಡೀಸೆಲ್ ದಾರಿಯಲ್ಲಿ ಮುಗಿಯತೊಡಗಿದ್ದು ಆಮೇಲೆಯೇ.

ಉಜ್ಜಿ, ತಗಡು ಹೊಳೆಯಿಸಿ, ಮತ್ತೆ ಬಿಗಿದಿದ್ದೇನೆ. ಈಗ ಮುಳ್ಳು ಸುಳ್ಳು ಹೇಳುವುದಿಲ್ಲ. ಭಾನುವಾರ ಗಾಡಿ ಕೊಳ್ಳಲು ಬರುವವನಿಗೆ ಇಲ್ಲ ಎಂದುಬಿಡು. ನಿನಗೂ ನಿನ್ನ ಹೆಂಡತಿಗೂ ನನ್ನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣಿ, ನೂರು ಕಾಲ ಬಾಳಿ.

ಇಂತಿ,
ನಿನ್ನ ಸೋದರಮಾವ

ತಾ. ಕ.: ಭಾವನನ್ನು ಷೆಡ್ಡಿಗೆ ಕರೆದು, ಬಣ್ಣದ ಮೇಲೆ ವೈರು ಬಿಗಿದು ಒಮ್ಮೆ, ಬರಿಯ ತಗಡಿಗೆ ಬಿಗಿದು ಒಮ್ಮೆ ತೋರಿಸಿದೆ. ತಾವೇ ದೀಪ ಹಾಕಿ, ಆರಿಸಿ ಮುಳ್ಳು ನೋಡಿದರು. ಆಮೇಲೆ, "ಹಾಗಾದ್ರೆ ನನ್ನ ತಲೆಗೇನೂ ಆಗಿರ್ಲಿಲ್ವಾ?" ಎಂದು ಕೇಳಿದರು. ನಾವು ಹೇಳಿದ್ದನ್ನು ಅವರೂ ನಂಬಿಬಿಟ್ಟಿದ್ದರು. ಬಣ್ಣದ ವಿಷಯ ನಿನಗೆ ತಿಳಿಸಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಅಷ್ಟು ಆಸೆಯಿಂದ ಹೊಡೆದಿದ್ದಾನೆ, ನೊಂದುಕೊಳ್ಳುತ್ತಾನೆ ಎಂದರು. ಆಣೆ ಮುರಿದಿದ್ದೇನೆ. ಆದರೆ ಕೀಲಿ ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡರು.

"ನೀನು ಕೊಟ್ರೆ ತಗೊಳ್ಳಲ್ಲ. ಕಿತ್ಕೊಂಡವನೇ ಬಂದು ಕೊಡ್ಲಿ."

ಕೀಲಿ ಈ ಲಕೋಟೆಯಲ್ಲೇ ಇದೆ.